ಲಂಗದ ಮಡಿಕೆ, ಚಡ್ಡಿಯ ಜೇಬು: ಎಸ್‌ಡಿಎಂಸಿ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಸರ್ಕಾರಿ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಎಲ್ಲ ಸದಸ್ಯರಿಗೆ,



ಶಾಲೆಗೆ ಹೋಗುವ ಮಗುವಿನ ಮೈಮೇಲೆ ಹೊಲಿದ ಬಟ್ಟೆ ಬಂದದ್ದೇ ತೀರ ಈಚೆಗೆ. ಐಗಳ ಮಠ, ಕೂಲಿಮಠ ಎಂಬ ಹಳೆಯ ಊರ ಶಾಲೆಗಳ ಕಾಲದಲ್ಲಿ ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದ ಹುಡುಗರು ಮನೆಯಲ್ಲಿ ಉಟ್ಟದ್ದರಲ್ಲೇ ಮಠಕ್ಕೂ ಬರುತ್ತಿದ್ದರು. ಒಂದು ತುಂಡು ಪಂಚೆ, ಹೆಗಲ ಮೇಲೊಂದು ವಸ್ತ್ರ. ಬಡವರ ಮಕ್ಕಳಾದರೆ ಬರಿಯ ಲಂಗೋಟಿ. ಕತ್ತರಿ, ಸೂಜಿ ಕಾಣದ ಆ ಬಟ್ಟೆಗೆ ಅಳತೆಯ ಗೊಡವೆಯೂ ಇರಲಿಲ್ಲ. ಹುಡುಗ ಬೆಳೆದ ಹಾಗೆ ಪಂಚೆಯ ನಿರಿಗೆ ಕಡಿಮೆಯಾಗುತ್ತಿತ್ತು, ಅಷ್ಟೆ. ಅಣ್ಣನದು ತಮ್ಮನಿಗೆ, ತಮ್ಮನ ಮೈಮೇಲೂ ಹರಿದರೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆಗೆ. ಉಡುಪು ನೋಡಿ ಹುಡುಗ ಯಾವ ಶಾಲೆಯವನೆಂದು ಹೇಳಲು ಬರುತ್ತಿರಲಿಲ್ಲ. ಯಾವ ಜಾತಿಯವನು, ಮನೆಯಲ್ಲಿ ಎಷ್ಟು ಅನುಕೂಲ ಎಂಬುದನ್ನು ಮಾತ್ರ ದೂರದಿಂದಲೇ ಹೇಳಬಹುದಿತ್ತು. ಹಳೆಯ ಕಾಲದ ಸರಳ ಉಡುಪನ್ನು ಹೊಗಳುವವರು ಈ ಎರಡನೆಯ ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದು, ಆಯ್ದ ಊರುಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವುದು ಕಡ್ಡಾಯವಾಗತೊಡಗಿತು. ಅಷ್ಟರಲ್ಲಿ ಪೇಟೆಯ ಹೈಸ್ಕೂಲುಗಳಲ್ಲಿ ಒಂದು ಬಗೆಯ ಪೋಷಾಕು ರೂಢಿಗೆ ಬಂದಾಗಿತ್ತು: ಕೆಳಗೆ ಕಚ್ಚೆ ಪಂಚೆ, ಮೇಲೆ ಷರಟು, ಅದರ ಮೇಲೊಂದು ಕೋಟು, ತಲೆಗೆ ಟೋಪಿ, ಕಾಲಿಗೆ ಏನೂ ಇಲ್ಲ. ಸೊಂಟದಿಂದ ಮೇಲೆ ಕಚೇರಿ, ಕೆಳಗೆ ಮನೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ಕಡೆ ಧೋತರ, ಅಂಗಿ, ಕರಿ ಟೋಪಿ. ನಿಜಾಮನ ಆಡಳಿತದ ಕಲಬುರಗಿ, ಬೀದರ, ರಾಯಚೂರಿನಲ್ಲಿ ಉಳ್ಳವರ ಮಕ್ಕಳಿಗೆ ಪೈಜಾಮ, ಶೇರ್ವಾನಿ, ಕೆಂಪು ರೂಮಿ ಟೋಪಿ. ಎಲ್ಲ ಕಡೆಯೂ ಸಮಾನವಾಗಿದ್ದದ್ದು ತಲೆಯ ಮೇಲಿನ ಟೋಪಿ ಒಂದೇ. ಬರಿತಲೆಯಲ್ಲಿ ಮೇಷ್ಟರ ಎದುರು ನಿಲ್ಲುವುದು ಅಮರ್ಯಾದೆ. ಮೇಷ್ಟರ ತಲೆಯ ಮೇಲೆ ಪೇಟ ಅಥವಾ ರುಮಾಲು ಇದ್ದೇ ಇರುತ್ತಿತ್ತು. ಟೋಪಿಯ ಒಳಗಿದ್ದದ್ದು ಜುಟ್ಟು. ಜುಟ್ಟು ತೆಗೆಸಿ ಕ್ರಾಪು ಬಿಟ್ಟುಕೊಂಡು ಬಂದ ಹುಡುಗನಿಗೆ ಶಾಲೆಯಲ್ಲಿ ಗೌರವ, ಮನೆಯಲ್ಲಿ ಏಟು. ಕ್ರಾಪು ಗೆದ್ದ ಮೇಲೆ ಟೋಪಿಗೆ ಕೆಲಸ ಉಳಿಯಲಿಲ್ಲ. ಹೊಸ ಕ್ರಾಪನ್ನು ಮುಚ್ಚಿಕೊಂಡು ಓಡಾಡಲು ಯಾವ ಹುಡುಗನೂ ಒಪ್ಪುವವನಲ್ಲ.

ಟೋಪಿ ಹೋಗುವ ಮುನ್ನ ಒಂದು ಚಳವಳಿಯನ್ನೂ ಹೊತ್ತಿತು. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳದ ನೆಲೆ ಹುಬ್ಬಳ್ಳಿ. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಆ ಭಾಗದ ಶಾಲಾ ಹುಡುಗರ ತಲೆಗೆ ಬಿಳಿ ಖಾದಿ ಟೋಪಿ ಏರಿದ್ದು ಈ ಗಾಳಿಯಲ್ಲಿ. ಆರ್. ಕೆ. ನಾರಾಯಣ್ ಅವರ 1935ರ ಕಾದಂಬರಿಯಲ್ಲಿ ಸ್ವಾಮಿ ಎಂಬ ಹುಡುಗ, ಯಾರೋ ವಿದೇಶಿ ಬಟ್ಟೆಯದೆಂದು ಹೇಳಿದ ಮಾತು ಕೇಳಿ ತನ್ನ ಟೋಪಿಯನ್ನು ಬೆಂಕಿಗೆ ಎಸೆಯುತ್ತಾನೆ. ಅದು ಖಾದಿ ಅಂಗಡಿಯಿಂದಲೇ ತಂದದ್ದು ಎಂದು ಆಮೇಲೆ ಅಪ್ಪನಿಂದ ಗೊತ್ತಾಗುತ್ತದೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ, ಆ ಕಾಲದ ಶಾಲಾ ಹುಡುಗರು ಹೇಗಿದ್ದರೆಂದು ನೈಲಾನ್ ಅಂಗಿ ತೊಟ್ಟ ಮೊಮ್ಮಕ್ಕಳು ಕಣ್ಣಾರೆ ಕಂಡರು.

ಹೆಣ್ಣುಮಕ್ಕಳ ಉಡುಪಿನ ದಾರಿ ಬೇರೆಯೇ. ಮೈಸೂರಿನಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರರು 1881ರಲ್ಲಿ, ಮುಂದೆ ಮಹಾರಾಣಿ ಶಾಲೆ ಎಂದು ಹೆಸರಾದ ಹುಡುಗಿಯರ ಶಾಲೆಯನ್ನು ಆರಂಭಿಸಿದಾಗ, ಓದಲು ಬಂದವರ ಉಡುಪು ಹಬ್ಬಕ್ಕೂ ಓದಿಗೂ ಒಂದೇ ಆಗಿತ್ತು. ಹಳೆ ಮೈಸೂರಿನಲ್ಲಿ ಅದಕ್ಕೆ ಲಂಗ-ರವಿಕೆ, ಲಂಗ-ಜಾಕೀಟು ಎಂದು ಹೆಸರು. ಉತ್ತರ ಕರ್ನಾಟಕದಲ್ಲಿ ಪರಕರ-ಪೋಲಕ. ಉತ್ತರದ ಪೋಲಕಕ್ಕೆ ಗುಳೇದಗುಡ್ಡದ ಖಣವೇ ಬೇಕು. ಮಗ್ಗದಿಂದ ಇಳಿದ ಖಣದ ತುಂಡೊಂದು ಉಡಿ ತುಂಬುವಾಗ ಮನೆಗೆ ಬಂದು, ಪೆಟ್ಟಿಗೆಯಲ್ಲಿ ಕಾದಿದ್ದು, ಮಗಳು ಶಾಲೆಗೆ ಸೇರುವ ಹೊತ್ತಿಗೆ ಪೋಲಕವಾಗುತ್ತಿತ್ತು. ಪರಕರಕ್ಕೆ ಹೆಚ್ಚಾಗಿ ಅವ್ವನ ಹಳೆಯ ಇಳಕಲ್ಲ ಸೀರೆಯೇ ಗತಿ. ಸೆರಗು ಹರಿದರೂ ಒಡಲು ಗಟ್ಟಿಯಿರುತ್ತಿತ್ತು. ಸೀರೆಯ ದಡಿಯೇ ಪರಕರದ ಅಂಚು.

ಆ ಲಂಗದಲ್ಲಿ ಒಂದು ಜಾಣತನ ಅಡಗಿತ್ತು. ಹೊಲಿಯುವಾಗ ಅದರ ಉದ್ದ ಹುಡುಗಿಯ ಎತ್ತರಕ್ಕಿಂತ ಎಷ್ಟೋ ಹೆಚ್ಚಿರುತ್ತಿತ್ತು. ಹೆಚ್ಚಿನದನ್ನು ಕತ್ತರಿಸದೆ, ಮೊಣಕಾಲಿನ ಕೆಳಗೆ ಬಟ್ಟೆಯನ್ನು ಎರಡು ಮೂರು ಸುತ್ತು ಮಡಿಚಿ ಸಡಿಲವಾಗಿ ಹೊಲಿಗೆ ಹಾಕುತ್ತಿದ್ದರು. ಟಕ್ ಎಂದು ದರ್ಜಿಗಳ ಮಾತು, ಮಡಿಕೆ ಎಂದು ಮನೆಯ ಮಾತು. ಹುಡುಗಿ ಬೆಳೆದು ಲಂಗ ಗಿಡ್ಡವಾಯಿತೋ, ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹಿಂದಿನ ರಾತ್ರಿ ತಾಯಿ ಬ್ಲೇಡಿನಲ್ಲಿ ಒಂದು ಮಡಿಕೆ ಬಿಚ್ಚುತ್ತಿದ್ದಳು. ನಾಲ್ಕು ಬೆರಳು ಉದ್ದ ಸಿಕ್ಕಿತು. ಮಡಿಕೆಯ ಒಳಗೆ ಬಿಸಿಲು, ಸೋಪು ತಾಗದೆ ಉಳಿದಿದ್ದ ಪಟ್ಟಿ ಮಾತ್ರ ಹೊಸ ಬಟ್ಟೆಯ ಬಣ್ಣದಲ್ಲೇ ಇದ್ದು, ಮಾಸಿದ ಲಂಗದ ಸುತ್ತ ಗಾಢವಾದ ಉಂಗುರದಂತೆ ಎದ್ದು ಕಾಣುತ್ತಿತ್ತು. ಹೊಲಿಗೆ ಕಿತ್ತ ಜಾಗದಲ್ಲಿ ಸಣ್ಣ ತೂತುಗಳ ಸಾಲು. ಮರದ ವಯಸ್ಸನ್ನು ಕಾಂಡದ ಬಳೆಗಳಲ್ಲಿ ಎಣಿಸಿದಂತೆ, ಆ ಲಂಗ ಎಷ್ಟು ವರ್ಷದ್ದೆಂದು ಪಟ್ಟಿ ಎಣಿಸಿ ಹೇಳಬಹುದಿತ್ತು. ಎಣಿಸುತ್ತಲೂ ಇದ್ದರು, ತರಗತಿಯಲ್ಲಿ ಹಿಂದೆ ಕೂತ ಹುಡುಗಿಯರಿಗೆ ಅದೇ ಕೆಲಸ. ಮುಚ್ಚಿಟ್ಟುಕೊಳ್ಳುವ ಉಪಾಯವೆಂದರೆ ಪಟ್ಟಿಯ ಮೇಲೆ ಒಂದು ಸಾಲು ಲೇಸು ಹೊಲಿಸುವುದು.

ಹುಡುಗರಿಗೆ ಇಂಥ ಮಡಿಕೆಯ ಅನುಕೂಲ ಇರಲಿಲ್ಲ. ಅವರಿಗೆ ಚಡ್ಡಿ ಬಂತು. ಹಳೆ ಮೈಸೂರಿನವರ ನಿಕ್ಕರು, ಧಾರವಾಡದ ಕಡೆಯ ಚೊಣ್ಣ. ಅದನ್ನು ತಂದದ್ದು ಪೊಲೀಸರ, ಸೈನಿಕರ, ಸ್ಕೌಟುಗಳ ದಿರಿಸು. ಖಾಕಿ ಎಂಬ ಮಾತು ಧೂಳು ಎಂಬ ಅರ್ಥದ ಪಾರ್ಸಿ ಶಬ್ದದಿಂದ ಹುಟ್ಟಿದ್ದು. ಆ ಬಣ್ಣದ ಬಟ್ಟೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೆಸರು ತಂದ ಕಡೆಗಳಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯೂ ಒಂದು. ಧೂಳಿನಲ್ಲಿ ಹೊರಳಾಡುವ ಹುಡುಗರಿಗೆ ಧೂಳಿನ ಬಣ್ಣ. ಶಾಲೆಗಳಿಗೆ ಇದಕ್ಕಿಂತ ಹೊಂದುವ ಬಣ್ಣ ಇನ್ನೊಂದಿರಲಾರದು. ಬೆಂಗಳೂರಿನ ಬಿನ್ನಿ ಮಿಲ್ಲು, ದಾವಣಗೆರೆಯ ಹತ್ತಿ ಗಿರಣಿಗಳ ಬಟ್ಟೆ ಸಂತೆಗೆ ಬರುತ್ತಿದ್ದ ಕಾಲಕ್ಕೆ ಸಿಂಪಿಗರ ಮನೆಯ ಜಗಲಿಯ ಮೇಲೆ ಕಾಲಲ್ಲಿ ತುಳಿಯುವ ಮಿಷನ್ನೂ ಬಂದು ಕೂತಿತ್ತು. ದರ್ಜಿಗೆ ಅಪ್ಪ ಹೇಳುತ್ತಿದ್ದ ಮಾತು ಎಲ್ಲ ಊರಲ್ಲೂ ಒಂದೇ: ಬೆಳೆಯೋ ಹುಡುಗ, ಸ್ವಲ್ಪ ದೊಗಳೆಯಾಗಿಯೇ ಹೊಲಿ. ಹೀಗೆ ಹೊಲಿದ ಚಡ್ಡಿ ಮೊದಲ ವರ್ಷ ಮೊಣಕಾಲು ದಾಟಿ ಜೋಲುತ್ತಿತ್ತು, ಎರಡನೆಯ ವರ್ಷ ಸರಿಹೋಗುತ್ತಿತ್ತು, ಮೂರನೆಯ ವರ್ಷ ಹಿಂಬದಿ ಸವೆದು ತೇಪೆ ಬೇಡುತ್ತಿತ್ತು. ಸಿಮೆಂಟು ನೆಲ, ಜಾರುಬಂಡೆಗಳ ಉಪಕಾರ. ಎರಡೂ ಕಡೆ ಹಚ್ಚಿದ ದುಂಡನೆಯ ತೇಪೆ ಹಿಂದಿನಿಂದ ಕನ್ನಡಕದಂತೆ ಕಾಣುತ್ತಿತ್ತು. ಸೊಂಟಕ್ಕೆ ಬೆಲ್ಟಿಲ್ಲ, ಲಾಡಿ, ಇಲ್ಲವೇ ಭುಜದ ಮೇಲಿಂದ ಬರುವ ಅಡ್ಡಪಟ್ಟಿ, ಅದೂ ಇಲ್ಲವಾದರೆ ಉಡಿದಾರ.

ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಸರ್ಕಾರ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ಹತೋಟಿ ಹೇರಿದಾಗ ಬಟ್ಟೆಯೂ ಸೀಮೆಎಣ್ಣೆಯಂತೆ ಕ್ಯೂ ನಿಂತು ತರುವ ಸಾಮಾನಾಯಿತು. ಕಂಟ್ರೋಲ್ ಬಟ್ಟೆ ಎಂಬ ಹೆಸರು ಆಗಿನದು. ಒಂದೇ ಥಾನಿನ ಒರಟು ಬಟ್ಟೆಯಲ್ಲಿ ಅಪ್ಪನ ಅಂಗಿ, ಮಗನ ಚಡ್ಡಿ, ಮಗಳ ಲಂಗ, ಕೊನೆಗೆ ಉಳಿದದ್ದರಲ್ಲಿ ಪಾಟಿಚೀಲ. ಮನೆಮಂದಿಗೆಲ್ಲ ಒಂದೇ ಬಣ್ಣ. ಶಾಲೆಗೆ ಸಮವಸ್ತ್ರ ಬರುವ ಮೊದಲೇ ಮನೆಗೆ ಬಂದಿತ್ತು ಎನ್ನಬಹುದು.

ಮಲೆನಾಡಿನಲ್ಲಿ ಮಾತ್ರ ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಿ ಚಡ್ಡಿ ಯಾವುದೆಂದು ಯಾರಿಗೂ ಕಾಣುತ್ತಿರಲಿಲ್ಲ. ಎಲ್ಲದರ ಮೇಲೂ ಕಂಬಳಿ ಕೊಪ್ಪೆ. ಕಂಬಳಿ ಇಲ್ಲದ ಮನೆಯಲ್ಲಿ ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ತೂರಿಸಿ ಮಾಡಿದ ಗೋಣಿ ಕೊಪ್ಪೆ; ಗೊಬ್ಬರದ ಚೀಲಗಳು ಬಂದ ಮೇಲೆ ಅದರೊಳಗಿನ ಪ್ಲಾಸ್ಟಿಕ್ಕಿನ ಕೊಪ್ಪೆ. ಶಾಲೆಯ ಗೋಡೆಗೆ ಸಾಲಾಗಿ ನೇತುಹಾಕಿದ ಒದ್ದೆ ಕಂಬಳಿಯ ವಾಸನೆ ಆ ಸೀಮೆಯ ನೆನಪುಗಳಲ್ಲೆಲ್ಲ ಬಂದೇ ಬರುತ್ತದೆ.

ಸ್ವಾತಂತ್ರ್ಯದ ಮೇಲೆ ಊರೂರಿಗೂ ಶಾಲೆ ಆಗುತ್ತ ಬಂದಂತೆ ಬಿಳಿ ಅಂಗಿ ಎಲ್ಲ ಕಡೆಯೂ ನಿಂತಿತು. ಚಡ್ಡಿ, ಸ್ಕರ್ಟಿನ ಬಣ್ಣ ಮಾತ್ರ ಊರಿಂದ ಊರಿಗೆ ಖಾಕಿ, ನೀಲಿ, ಹಸಿರು ಎಂದು ಬದಲಾಗುತ್ತಿತ್ತು. ಬಿಳಿಯನ್ನು ಆರಿಸಿದವರು ಯಾರೇ ಇರಲಿ, ಅದನ್ನು ಒಗೆದವರಲ್ಲ. ಒಂದೇ ಜೊತೆ ಇದ್ದ ಮಗು ಸಂಜೆ ಬಂದು ಅಂಗಿ ಬಿಚ್ಚಿದರೆ ರಾತ್ರಿಯೇ ಒಗೆದು, ಒಲೆಯ ಮೇಲಿನ ಗಳುವಿಗೆ ಹರವಬೇಕು. ಹಳದಿ ಕಟ್ಟಿದ ಬಿಳಿಗೆ ನೀಲಿ ಅದ್ದಬೇಕು. ಒಂದು ಚಿಟಿಕೆ ಹೆಚ್ಚಾದರೆ ಅಂಗಿ ಆಕಾಶವಾಗುತ್ತಿತ್ತು. ಇಸ್ತ್ರಿ ಪೆಟ್ಟಿಗೆ ಇಲ್ಲದ ಮನೆಗಳಲ್ಲಿ ತಂಬಿಗೆಗೆ ಕೆಂಡ ತುಂಬಿ ಉಜ್ಜುತ್ತಿದ್ದರು, ಇಲ್ಲವೇ ಮಡಿಚಿದ ಅಂಗಿಯನ್ನು ಹಾಸಿಗೆಯಡಿ ಇಟ್ಟು ಅದರ ಮೇಲೆ ಮಲಗುತ್ತಿದ್ದರು. ಶನಿವಾರದ ಮಾಸ್ ಡ್ರಿಲ್ಲಿಗೆ ಬಿಳಿ ಕ್ಯಾನ್ವಾಸ್ ಬೂಟು ಬೇಕಿದ್ದ ಶಾಲೆಗಳಲ್ಲಿ, ಮಾಸಿದ ಬೂಟಿಗೆ ಕರಿಹಲಗೆಯ ಕೆಳಗೆ ಬಿದ್ದ ಸೀಮೆಸುಣ್ಣದ ತುಂಡೇ ಪಾಲಿಶ್.

1970ರ ದಶಕದಲ್ಲಿ ಟೆರಿಕಾಟ್ ಬಂದು ಈ ಶ್ರಮವನ್ನು ಅರ್ಧಕ್ಕೆ ಇಳಿಸಿತು. ಬೇಗ ಒಣಗುತ್ತದೆ, ಮುದುರುವುದಿಲ್ಲ, ಬಣ್ಣ ಬಿಡುವುದಿಲ್ಲ. ಸೆಕೆಯಲ್ಲಿ ಮೈಗೆ ಅಂಟುತ್ತದೆ ಎಂಬುದು ತೊಡುವ ಮಗುವಿನ ಕಷ್ಟ. ಬಟ್ಟೆ ಆರಿಸುವವರಿಗೆ ಅದು ತಾಗಲಿಲ್ಲ. ಬಣ್ಣ ಬಿಡದ ಬಟ್ಟೆಯಲ್ಲಿ ಮಡಿಕೆ ಬಿಚ್ಚಿದರೂ ಗೆರೆ ಕಾಣುತ್ತಿರಲಿಲ್ಲ. ವಿಪರ್ಯಾಸವೆಂದರೆ ಮಡಿಕೆ ಹಾಕುವ ರೂಢಿಯೇ ಮಾಯವಾದದ್ದು ಆಗಲೇ. ಮೊಣಕಾಲಿನವರೆಗಿನ ಸ್ಕರ್ಟಿಗೆ ಮಡಿಕೆ ಹಾಕಲು ಜಾಗವೆಲ್ಲಿ? ಕೆಳಗಿನ ತರಗತಿಯ ಹುಡುಗಿಯರಿಗೆ ಸ್ಕರ್ಟು, ಎರಡು ಜಡೆ ಮಡಿಚಿ ಕಟ್ಟಿದ ಟೇಪು. ಹೈಸ್ಕೂಲಿಗೆ ಬಂದೊಡನೆ ಲಂಗ-ದಾವಣಿ. ದಾವಣಿಯನ್ನು ಸಂಭಾಳಿಸುವುದೇ ಒಂದು ಪಾಠವಾಗಿತ್ತು. ಮೊದಮೊದಲು ‘ಪಂಜಾಬಿ ಡ್ರೆಸ್’ ಎಂದು ಕರೆಸಿಕೊಂಡ ಚೂಡಿದಾರ, 1990ರ ಸುಮಾರಿಗೆ ಪೇಟೆಗಳಲ್ಲಿ, ಆಮೇಲೆ ಹಳ್ಳಿಗಳಲ್ಲಿ ದಾವಣಿಯನ್ನು ಕಾಲೇಜಿನಿಂದಲೂ ಹೈಸ್ಕೂಲಿನಿಂದಲೂ ಹೊರಹಾಕಿತು. ಮೊದಲು ಅದನ್ನು ಬೈದವರೇ ಕೊನೆಗೆ, ಮೈತುಂಬ ಮುಚ್ಚುತ್ತದೆ ಎಂಬ ಕಾರಣ ಕೊಟ್ಟು ಒಪ್ಪಿಕೊಂಡರು. 2006-07ರಲ್ಲಿ ಎಂಟನೆಯ ತರಗತಿಯ ಹುಡುಗಿಯರಿಗೆ ಸರ್ಕಾರ ಸೈಕಲ್ ಕೊಡತೊಡಗಿದಾಗ ಆ ಒಪ್ಪಿಗೆ ಪೂರ್ತಿಯಾಯಿತು. ಚಕ್ರಕ್ಕೆ ಸಿಕ್ಕಿಕೊಳ್ಳುವ ಉದ್ದ ಲಂಗವುಟ್ಟು ದಿನಾ ನಾಲ್ಕೈದು ಕಿಲೋಮೀಟರು ಸೈಕಲ್ ತುಳಿಯಲಾಗುವುದಿಲ್ಲ.

ಖಾಸಗಿ ಶಾಲೆಗಳ ಕಥೆ ಬೇಗ ಮುಗಿಯುವಂಥದು. ಬೆಂಗಳೂರು ದಂಡುಪ್ರದೇಶದ ಮಿಷನ್ ಶಾಲೆಗಳಲ್ಲಿ ಯುರೋಪಿಯನ್ ಮಕ್ಕಳಿಗಾಗಿ ಹುಟ್ಟಿದ ಟೈ, ಬ್ಲೇಜರು, ಕಾಲುಚೀಲಗಳು, ನೂರು ವರ್ಷ ತಡವಾಗಿ ತಾಲ್ಲೂಕು ಕೇಂದ್ರಗಳ ಕಾನ್ವೆಂಟುಗಳಿಗೆ ಇಳಿದವು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಯುಕೆಜಿ ಮಗುವಿನ ಕೊರಳಿಗೆ ಎಲಾಸ್ಟಿಕ್ ಟೈ ಯಾಕೆ ಬೇಕು ಎಂಬುದಕ್ಕೆ, ಇದು ಇಂಗ್ಲಿಷ್ ಮೀಡಿಯಂ ಎಂದು ಓಣಿಗೆ ತಿಳಿಯಲಿ ಎಂಬುದರ ಹೊರತು ಬೇರೆ ಕಾರಣ ಸಿಗುವುದಿಲ್ಲ. ಇಲ್ಲಿ ಕಾನೂನು ಒಂದು ಒಳ್ಳೆಯ ಕೆಲಸ ಮಾಡಿದೆ. ರಾಜ್ಯದ ಶಿಕ್ಷಣ ಕಾಯಿದೆಯಡಿ 1995ರಲ್ಲಿ ಮಾಡಿದ ಪಠ್ಯಕ್ರಮ ನಿಯಮಗಳ 11ನೆಯ ನಿಯಮದಂತೆ, ಶಾಲೆ ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಮುಂದಿನ ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮೊದಲೇ ತಿಳಿಸಬೇಕು. ಅಣ್ಣನ ಅಂಗಿ ತಮ್ಮನಿಗೆ ಬರಲಿ ಎಂಬ ಅಜ್ಜಿಯ ಲೆಕ್ಕಾಚಾರವನ್ನೇ ಸರ್ಕಾರಿ ಭಾಷೆಯಲ್ಲಿ ಬರೆದಂತಿದೆ.

ಸರ್ಕಾರಿ ಶಾಲೆಗಳಲ್ಲಿ ಬಟ್ಟೆಯ ಖರ್ಚು ಮನೆಯಿಂದ ಖಜಾನೆಗೆ ದಾಟಿದ್ದು ನಿಜಕ್ಕೂ ದೊಡ್ಡ ಬದಲಾವಣೆ. ‘ವಿದ್ಯಾವಿಕಾಸ’ ಯೋಜನೆಯಲ್ಲಿ ಪಠ್ಯಪುಸ್ತಕದ ಜೊತೆಗೆ ಸಮವಸ್ತ್ರವೂ ಉಚಿತವಾಯಿತು. ತಿಳಿನೀಲಿ ಅಂಗಿ, ಕಡುನೀಲಿ ಚಡ್ಡಿ ಅಥವಾ ಸ್ಕರ್ಟು, ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಚೂಡಿದಾರ ಎಂಬ ರೂಪ ರಾಜ್ಯದ ಉದ್ದಕ್ಕೂ ಹರಡಿತು. ಬಟ್ಟೆಯ ಒಂದು ಪಾಲನ್ನು ನೇಯ್ದು ಕೊಟ್ಟದ್ದು 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರು. ಸರ್ಕಾರದ ಅಗ್ಗದ ಜನತಾ ಸೀರೆಯ ಕೆಲಸ ನಿಂತುಹೋದ ಮಗ್ಗಗಳಿಗೆ ಶಾಲೆಯ ಬಟ್ಟೆ ಅನ್ನ ಕೊಟ್ಟಿತು. 2015-16ರ ಸುಮಾರಿಗೆ ‘ಶೂ ಭಾಗ್ಯ’ದಡಿ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಕಾಲುಚೀಲ ಸೇರಿದವು. ಬರಿಗಾಲಲ್ಲಿ ಓದಿದ ತಾತ, ಹವಾಯಿ ಚಪ್ಪಲಿಯಲ್ಲಿ ಓದಿದ ಅಪ್ಪ, ಬೂಟಿನಲ್ಲಿ ಓದುವ ಮಗಳು: ಒಂದೇ ಮನೆಯಲ್ಲಿ ಈ ಮೂವರೂ ಸಿಗುತ್ತಾರೆ. ವರ್ಷಕ್ಕೆ ಎರಡು ಜೊತೆ ಸಮವಸ್ತ್ರ ಕೊಡುವುದು ದಾನವಲ್ಲ, ಉಚಿತ ಶಿಕ್ಷಣದ ಹಕ್ಕಿಗೆ ಸೇರಿದ್ದು ಎಂಬುದನ್ನು ರಾಜ್ಯದ ಹೈಕೋರ್ಟು ಈಚಿನ ವರ್ಷಗಳಲ್ಲಿ ಸರ್ಕಾರಕ್ಕೆ ನೆನಪಿಸಬೇಕಾಗಿ ಬಂತು.

ಉಡುಪನ್ನು ಗೊತ್ತುಮಾಡುವವರು ಯಾರು ಎಂಬ ಪ್ರಶ್ನೆ ಕೂಡ ಇದೇ ಕಾಲದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿತು. ಪದವಿಪೂರ್ವ ಕಾಲೇಜುಗಳಲ್ಲಿ ಹಿಜಾಬ್ ಕುರಿತ ವಿವಾದದ ನಡುವೆ ಸರ್ಕಾರ 2022ರ ಫೆಬ್ರುವರಿ 5ರಂದು ಸಮವಸ್ತ್ರದ ಆದೇಶ ಹೊರಡಿಸಿತು. ಹೈಕೋರ್ಟು ಅದನ್ನು ಮಾರ್ಚ್ 15ರಂದು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟು, ಪ್ರಕರಣ ದೊಡ್ಡ ಪೀಠದ ದಾರಿ ಹಿಡಿಯಿತು. ಸಮಿತಿಯೊಂದು ಆರಿಸುವ ಬಟ್ಟೆ ಮಗುವೊಂದು ಶಾಲೆಯ ಒಳಗಿರುವುದೋ ಹೊರಗಿರುವುದೋ ಎಂಬುದನ್ನೂ ತೀರ್ಮಾನಿಸಬಲ್ಲದು ಎಂದು ಆಗ ಎಲ್ಲರಿಗೂ ಗೊತ್ತಾಯಿತು.

ಸಮಿತಿಗಳಿಗೆ ಈ ಪತ್ರ ಬರೆಯಲು ಕಾರಣ ಇಲ್ಲಿದೆ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯ ಬೆನ್ನಿಗೆ 2001ರಲ್ಲಿ ಹುಟ್ಟಿದ ಎಸ್‌ಡಿಎಂಸಿಗಳಲ್ಲಿ ಇರುವವರು ಮುಖ್ಯವಾಗಿ ಪೋಷಕರು. ಎರಡನೆಯ ಜೊತೆ ಸಮವಸ್ತ್ರದ ಹಣ ಸಮಿತಿಗಳ ಖಾತೆಗೆ ಬಂದಾಗ ಬಟ್ಟೆ, ಬಣ್ಣ, ಹೊಲಿಗೆಯ ಆಯ್ಕೆಯೂ ಅವುಗಳ ಕೈಗೆ ಬರುತ್ತದೆ. ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕ ಎರಡು ಜೊತೆಗೆ ವರ್ಷಕ್ಕೆ ತಲಾ 600 ರೂಪಾಯಿ, ಅಂದರೆ ಜೊತೆಗೆ 300. ಬಟ್ಟೆ, ಗುಂಡಿ, ಕಾಜಾ, ಹೊಲಿಗೆ, ಸಾಗಣೆ ಎಲ್ಲವೂ ಅದರೊಳಗೆ. ಸರ್ಕಾರ ನೇರವಾಗಿ ಕಳಿಸುವ ಮೊದಲ ಜೊತೆ ಬಟ್ಟೆಯ ತುಂಡಾಗಿ ಬಂದ ವರ್ಷ ದರ್ಜಿಯ ಕೂಲಿ ಮನೆಯ ಮೇಲೆ ಬೀಳುತ್ತದೆ. ಹೊಲಿದೇ ಬಂದರೆ ಇನ್ನೊಂದು ತೊಡಕು: ಒಂದು ತರಗತಿಗೆ ಒಂದೇ ಅಳತೆ. ಐದನೆಯ ತರಗತಿಯಲ್ಲಿ ಗಿಡ್ಡ ಹುಡುಗನ ಅಂಗಿ ತೊಡೆಗೆ ಇಳಿದರೆ, ಪಕ್ಕದಲ್ಲಿ ಕೂತ ಎತ್ತರದವನ ತೋಳು ಮೊಣಕೈಯಿಂದ ಕೆಳಗೆ ಬರುವುದೇ ಇಲ್ಲ. ಬಿಚ್ಚೋಣವೆಂದರೆ ಒಳಗೆ ಬಟ್ಟೆಯೇ ಇಲ್ಲ. ಗುತ್ತಿಗೆ ಹೊಲಿಗೆಯಲ್ಲಿ ಅಂಚಿನ ಪಟ್ಟಿ ಅರ್ಧ ಬೆರಳಿನಷ್ಟು, ಪಕ್ಕದ ಹೊಲಿಗೆಯ ಒಳಗೆ ಅಷ್ಟೂ ಇಲ್ಲ. ಮಗು ಬೆಳೆಯುತ್ತದೆ ಎಂಬ ಒಂದು ಸಂಗತಿಯನ್ನು ಬಡವರ ಮನೆಯ ದರ್ಜಿ ಎಂದೂ ಮರೆತವನಲ್ಲ, ಟೆಂಡರು ಮರೆತಿದೆ.

ಇದನ್ನು ಸರಿಪಡಿಸಲು ಹೊಸ ಯೋಜನೆ ಬೇಡ, ಹೊಲಿಗೆಯ ಒಪ್ಪಂದದಲ್ಲಿ ನಾಲ್ಕು ಸಾಲು ಸಾಕು. ಸ್ಕರ್ಟಿನ, ಪ್ಯಾಂಟಿನ ಅಂಚಿನಲ್ಲಿ ನಾಲ್ಕು ಬೆರಳು ಒಳಪಟ್ಟಿ ಬಿಡುವುದು. ಪಕ್ಕದ ಹೊಲಿಗೆಯಲ್ಲಿ ಬಿಚ್ಚಿದರೆ ಅಗಲವಾಗುವಷ್ಟು ಬಟ್ಟೆ ಇರುವುದು. ತರಗತಿಗೆ ಒಂದಲ್ಲ, ಕನಿಷ್ಠ ಮೂರು ಅಳತೆ. ಬಿಸಿಲು ಸೀಮೆಯಲ್ಲಿ ಹತ್ತಿಯ ಪಾಲು ಹೆಚ್ಚಿರುವ ಬಟ್ಟೆ. ಊರಲ್ಲಿ ಹೊಲಿಗೆ ಮಿಷನ್ ಇರುವ ಹೆಣ್ಣುಮಕ್ಕಳಿಗೆ ಈ ಕೆಲಸ ಕೊಟ್ಟರೆ ಮಗುವನ್ನು ನಿಲ್ಲಿಸಿ ಟೇಪು ಹಿಡಿದೇ ಅಳತೆ ತೆಗೆಯಬಹುದು. ಜಿಲ್ಲಾ ಕೇಂದ್ರದ ಗುತ್ತಿಗೆದಾರನಿಗೆ ಅದು ಸಾಧ್ಯವಿಲ್ಲ.

ಇನ್ನು ಜೇಬು. ಹುಡುಗರ ಚಡ್ಡಿಗೆ ಎರಡು, ಅಂಗಿಗೆ ಒಂದು, ಹೀಗೆ ಮೂರು ಜೇಬು ಮೊದಲಿನಿಂದಲೂ ಇವೆ. ಗೋಲಿ, ಹುಣಸೆಬೀಜ, ಬಳಪದ ತುಂಡು, ತೂತುಬಿದ್ದ ಜೇಬಿನಿಂದ ಉದುರುವ ಚಿಲ್ಲರೆ, ಎಲ್ಲಕ್ಕೂ ಅಲ್ಲಿ ಜಾಗ. ಲಂಗಕ್ಕೆ ಜೇಬಿರಲಿಲ್ಲ, ಹುಡುಗಿಯರು ಬಳಪವನ್ನು ಸೊಂಟದ ಹತ್ತಿರ ಸಿಕ್ಕಿಸಿಕೊಳ್ಳುತ್ತಿದ್ದರು, ಹುಣಸೆಹಣ್ಣನ್ನು ಲಂಗದ ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಸ್ಕರ್ಟಿಗೆ ಕರವಸ್ತ್ರ ಹಿಡಿಯುವಷ್ಟು ಒಂದು ಜೇಬು ಬಂತು. ಚೂಡಿದಾರ ಬಂದಾಗ ಬಹಳ ಕಡೆ ಅದೂ ಹೋಯಿತು. ಎಂಟನೆಯ ತರಗತಿಯ ಹುಡುಗಿ ಬಸ್ಸಿನ ಪಾಸು, ಸೈಕಲ್ಲಿನ ಕೀಲಿ, ತಿಂಗಳ ಆ ದಿನಗಳಲ್ಲಿ ಒಂದು ಪ್ಯಾಡು ಇವನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದು ಯಾವ ನಮೂನೆಯಲ್ಲೂ ಬರೆದಿಲ್ಲ. ಪಕ್ಕದ ಹೊಲಿಗೆಯೊಳಗೆ ಒಂದು ಜೇಬು ಇಡಲು ಬೇಕಾದದ್ದು ಗೇಣುದ್ದದ ಎರಡು ತುಂಡು. ಕತ್ತರಿಸಿ ಉಳಿದ ಚಿಂದಿಯಲ್ಲೇ ಅದು ಸಿಗುತ್ತದೆ. ಜೂನ್‌ಗೆ ಮೊದಲು ನಡೆಯುವ ಸಮಿತಿಯ ಸಭೆಯಲ್ಲಿ ಬಣ್ಣದ ಚರ್ಚೆ ಮುಗಿದ ಮೇಲೆ, ನಡಾವಳಿ ಪುಸ್ತಕದಲ್ಲಿ ಇದಕ್ಕೂ ಒಂದು ಸಾಲಿನ ಜಾಗ ಇರುತ್ತದೆ.

ಇತಿ,
ಸರ್ಕಾರಿ ಶಾಲೆಯ ಹಳೆ ವಿದ್ಯಾರ್ಥಿ